ಮೃಗದ ವೇಷದೊಳಗಿದ್ದ ಅಪ್ಪ

ಚಲನಚಿತ್ರ ಸಂಸ್ಥೆಯ ಹಳೆಯ ಚಿತ್ರಗಳ ಸಂಗ್ರಹದ ಮುಖ್ಯಸ್ಥರಾದ ಕುಸಾನೊ ಅವರಿಗೆ, ನಮಸ್ಕಾರ.

ಅರವತ್ತು ವರ್ಷದ ಹಿಂದೆ ನಿಮ್ಮ ಸಂಸ್ಥೆ ತೆಗೆದ ದೈತ್ಯಮೃಗದ ಚಿತ್ರದಲ್ಲಿ ಆ ಮೃಗದ ವೇಷ ತೊಟ್ಟವರು ನನ್ನ ತಂದೆ. ನೀವು ಈಗ ಮಾರುತ್ತಿರುವ ಆ ಚಿತ್ರದ ಡಿಸ್ಕನ್ನು ತಂದು ಅವರಿಗೆ ತೋರಿಸಿದೆ. ಚಿತ್ರವೆಲ್ಲ ಕಪ್ಪಿಟ್ಟಿದೆ.

"ಇದ್ರಲ್ಲಿ ನಾನೆಲ್ಲಿದ್ದೀನೇ? ಇದ್ದಿಲು ಮೂಟೆ ಓಡಾಡ್ದಂಗಿದೆ," ಎಂದು ಅಪ್ಪ ನಕ್ಕರು. ಆಮೇಲೆ ಊಟ ಮುಟ್ಟಲಿಲ್ಲ.

ಒಳ್ಳೆಯ ಡಿಜಿಟಲ್ ಪ್ರತಿ ಮಾಡಿಸಿ ಎಂದು ನಿಮಗೆ ಮೂರು ಸಲ ಬರೆದೆ. ಮೂಲ ನೆಗೆಟಿವ್ ಹಾಳಾಗಿದೆ ಎಂದಿರಿ. ಹಾಗಾಗಿ ನಾನೇ ಹುಡುಕಲು ಹೊರಟೆ. ಸಕಾತಾ ಊರಿನಲ್ಲಿ ಮುಚ್ಚಿಹೋದ ಟಾಕೀಸಿನ ಒಡತಿ ಕಿನುಯೊ ಅಜ್ಜಿಯ ಬಳಿ ಆ ಚಿತ್ರದ ಹಳೆಯ ರೀಲುಗಳು ಸಿಕ್ಕಿದವು.

"ನಮ್ಮೆಜಮಾನ್ರು ಇದನ್ನ ಮಗು ಥರ ನೋಡ್ಕೊಂಡಿದ್ರು. ತಗೊಂಡ್ಹೋಗು ತಾಯಿ, ಹಾಳು ಮಾತ್ರ ಮಾಡ್ಬೇಡ," ಎಂದರು.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೃಗದ ಬೆನ್ನಿನ ಮುಳ್ಳುಗಳನ್ನು ಎಣಿಸಬಹುದು.

ಚಳಿಗಾಲದೊಳಗೆ ಅಪ್ಪನ ದೃಷ್ಟಿ ಪೂರ್ತಿ ಹೋಗುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಈ ರೀಲುಗಳಿಂದ ಪ್ರತಿ ಮಾಡಿಸಲು ನಿಮ್ಮ ಒಪ್ಪಿಗೆಯ ಸಹಿಯೊಂದೇ ಬಾಕಿ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ರೀಲುಗಳೊಂದಿಗೆ ಬರುತ್ತೇನೆ, ಅಪ್ಪನೂ ಬರುತ್ತಾರೆ. ಅವರಿಗೆ ಮೆಟ್ಟಿಲು ಹತ್ತಲಾಗದು. ದಯವಿಟ್ಟು ಕೆಳಗಿನ ಕೋಣೆಯಲ್ಲೇ ಎರಡು ಕುರ್ಚಿ ಹಾಕಿಸಿ. ನೀವು ಸಹಿ ಮಾಡುವವರೆಗೂ ನಾವು ಅಲ್ಲೇ ಕೂತಿರುತ್ತೇವೆ.

ಇಂತು,
ಅರಿಸಾಕಾ ತೊಮಿಕೊ