ರಾಕ್ಷಸನ ಮೀಸಿ

ವಿಜಯಪುರ, ಸೋಮವಾರ

ಟಿಕೋಟಾದ ತಾಲೀಮು ಮನ್ಯಾಗ ಕೂಡಿದ ಸಮಸ್ತ ಕಲಾವಿದರೇ, ಬಾಗಲದಾಗ ನಿಂತು ಇಣುಕೂ ಬಂಧುಗಳೇ, ಕೇಳ್ರಿ! ಧರೆಪ್ಪ ಮಾಸ್ತರ, ಇವತ್ತ ಬಸ್ಸಿನವರ ಕೈಯಾಗ ಕಳಿಸಿದ ಈ ಪತ್ರ ನೀವ ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಒಂದಕ್ಷರ ನುಂಗಬ್ಯಾಡ್ರಿ.

ಹತ್ತು ವರ್ಷ ನೀವು ಕಿರೀಟ ಹಾಕ್ಕೊಂಡು ರಾಜಾ ಆದ್ರಿ, ನನಗ ಕಟ್ಟು ಮೀಸಿ ಹಚ್ಚಿ ಮಲಗೂ ರಾಕ್ಷಸನ ಪಾತ್ರ ಕೊಟ್ರಿ. ನಾ ರಂಗದ ಮ್ಯಾಲ ಖರೇನ ನಿದ್ದಿ ಹೋಗಿ ಗೊರಕಿ ಹೊಡೀತಿದ್ದೆ. ಗೊರಕಿ ನಡುವ ತಟಕ್ಕನ ನಿಂತ್ರ ಮಂದಿ ಸೀಟಿ ಹೊಡೀತಿದ್ರು, ನೀವು "ಆಹಾ, ಏನ್ ಅಭಿನಯ!" ಅಂತ ಚಪ್ಪಾಳಿ ತಟ್ಟತಿದ್ರಿ. ಸಣ್ಣಾಗತೇನ್ರಿ ಅಂದ್ರ, "ಹೊಟ್ಟಿ ಕರಗಿದ್ರ ಪಾತ್ರ ಹೋತಲೇ ಈರಪಣ್ಣ!" ಅಂತ ಹೋಳಿಗಿ ಮ್ಯಾಲ ತುಪ್ಪಾ ಸುರದ್ರಿ.

ಇಲ್ಲಿ ದವಾಖಾನ್ಯಾಗ ಡಾಕ್ಟರ್‌ಬಾಯಿ ನಿದ್ದಿ ಪರೀಕ್ಷೆ ಮಾಡಿ ಹೇಳ್ಯಾರ: "ಕಾಕಾ, ಅದು ಅಭಿನಯ ಅಲ್ರಿ, ನಿಮ್ಮ ಉಸಿರು ನಿಂತದ್ದು." ಉಸಿರು ನಿಂತಾಗೊಮ್ಮೆ ಮೈ ಹೆದರಿ ಹಾರ್ಮೋನು ಸುರೀತೈತಂತ. ಅದಕ್ಕ ರಕ್ತದಾಗ ಸಕ್ಕರಿ ಏರತೈತಿ, ಇನ್ಸುಲಿನ್ ಕೂಗಿದ್ರೂ ಮೈ ಓಗೊಡೂದಿಲ್ಲ, ಉಂಡ್ರೂ ಹಸಿವು ಹಿಂಗೂದಿಲ್ಲ. ನೀವು ಚಪ್ಪಾಳಿ ತಟ್ಟಿದ್ದು ನನ್ನ ಸಾವಿಗೆ, ಮಾಸ್ತರ!

ಈಗ ಮಲಗೂವಾಗ ಮೂಗಿಗೆ ಗಾಳಿ ಯಂತ್ರ ಬಂದೈತಿ, ಗೊರಕಿ ಸತ್ತೈತಿ. ಬಬಲೇಶ್ವರದಾಗ ಆಗೂ ನಮ್ಮ ಮುಂದಿನ ಆಟಕ್ಕ ಬ್ಯಾರೆ ರಾಕ್ಷಸನ್ನ ಹುಡುಕಬ್ಯಾಡ್ರಿ. ನಿಮ್ಮ ಹೊಟ್ಟೀನ ಆ ಪಾತ್ರಕ್ಕ ತಯಾರೈತಿ. ನಾಳೆ ಮುಂಜಾನೆ ಮೊದಲ ಬಸ್ಸಿಗೆ ಬಂದು, ರಾಕ್ಷಸನ ಮೀಸಿ ನಿಮ್ಮ ಬಾಗಲಕ್ಕ ಮೊಳಿ ಹೊಡದು, ಆ ಕಿರೀಟ ನನ್ನ ತಲಿಮ್ಯಾಲ ಇಟ್ಕೊಂಡು ಟಿಕೋಟಾ ಬಜಾರದ ನಟ್ಟನಡುವ ನಡೀತೇನಿ.

ಇಂತಿ, ಎಚ್ಚರಾದ
ಈರಪಣ್ಣ ಜೈನಾಪುರ