ಒಂದೇ ಟಿಕೀಟಿನಲ್ಲಿ ಮನೆಮಂದಿಯ ಪ್ರಯಾಣ

ಬೆಟಗೇರಿ,
ಕ್ರಿಸ್ತಶಕ ೨೨೩೧, ಫೆಬ್ರವರಿ ಮೂವತ್ತು.

ಎರಡು ನೂರು ವರ್ಷ ಹಿಂದೆ ಕುಳಿತಿರುವ ಮಹಾಜನರಿಗೆ ಶರಭಣ್ಣನ ಸಾಷ್ಟಾಂಗ ನಮಸ್ಕಾರ!

ತಾರೀಖು ನೋಡಿ ಹುಬ್ಬು ಏರಿಸಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಮೂವತ್ತು ಇಲ್ಲವೆಂದು ಬಲ್ಲೆ. ನಮ್ಮಲ್ಲಿದೆ. ಯಾಕಿದೆ ಎಂದು ನಾನೂ ಕೇಳಿದ್ದೇನೆ, ಮನಸ್ಸಿಗೆ ಒಪ್ಪುವ ಉತ್ತರ ಇನ್ನೂ ಬಂದಿಲ್ಲ. ನನ್ನ ಮಾತುಗಳೂ ಅಲ್ಲಲ್ಲಿ ನಿಮಗೆ ವಿಚಿತ್ರ ಅನ್ನಿಸಿಯಾವು, ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದವನ್ನು ಹಿಂದಕ್ಕೆ ಮುಟ್ಟಿಸುತ್ತೇನೆ ಎಂದು ಒಬ್ಬಾತ ಒಪ್ಪಿಕೊಂಡಿದ್ದಾನೆ. ಅವನ ಮೇಲೂ ನನಗೆ ನಂಬಿಕೆಯಿಲ್ಲ. ಆದರೂ ಬರೆಯುತ್ತೇನೆ. ನಾನು ಹುಟ್ಟಿದ್ದು ನಾಟಕ ಕಂಪನಿಯ ಬಿಡಾರದಲ್ಲಿ, ನನ್ನ ತೊಟ್ಟಿಲು ಕಟ್ಟಿದ್ದು ಪರದೆಯ ಹಗ್ಗಕ್ಕೆ, ಮೂವತ್ತು ವರ್ಷ ಗದೆ ಹಿಡಿದು ಭೀಮಸೇನನ ಪಾತ್ರ ಮಾಡಿದವನು. ಹೀಗಾಗಿ ಗಂಟಲು ದೊಡ್ಡದು. ಓದುವಾಗ ಕಿವಿಗೆ ಬಡಿದರೆ ಕಾಗದವನ್ನು ಸ್ವಲ್ಪ ದೂರ ಹಿಡಿದುಕೊಳ್ಳಿ.

ಮೊದಲು ನನ್ನ ಸಂಶಯ ಹೇಳಿಬಿಡುತ್ತೇನೆ. ನಿಮ್ಮ ಕಾಲದ ಒಂದು ಫೋಟೋ ನನ್ನೆದುರು ಇದೆ. ರೈಲಿನ ಒಂದೇ ಡಬ್ಬಿಯಲ್ಲಿ ಹನ್ನೊಂದು ಜನ, ಎಲ್ಲರದೂ ಒಂದೇ ನಮೂನೆಯ ಮೂಗು. ಅಂದರೆ ಒಂದೇ ಮನೆಯವರು! ಅಜ್ಜಿ ಬುತ್ತಿ ಬಿಚ್ಚಿದ್ದಾಳೆ, ಎರಡು ಮಕ್ಕಳು ಕಿಟಕಿಗಾಗಿ ಬಡಿದಾಡುತ್ತಿವೆ, ಮೇಲಿನ ಬರ್ತಿನಿಂದ ಯಾರದೋ ಕಾಲು ಇಳಿಬಿದ್ದಿದೆ. ಫೋಟೋದ ಹಿಂಬದಿಗೆ ಯಾರೋ ಬರೆದಿದ್ದಾರೆ, "ಬೇಸಿಗೆ ರಜೆ, ಎಲ್ಲರೂ ಕೂಡಿ ಹೋದದ್ದು." ಎಲ್ಲರೂ ಕೂಡಿ! ಮಹಾಜನರೇ, ಇದನ್ನು ನಮ್ಮ ಓಣಿಯಲ್ಲಿ ತೋರಿಸಿದರೆ ಜನ ನಗುತ್ತಾರೆ. ಇದು ಬಣ್ಣ ಬಳಿದ ಸೀನರಿ, ಮುಂದೆ ಕೂತವರು ದಿನಗೂಲಿಯ ನಟರು ಅನ್ನುತ್ತಾರೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ.

ಯಾಕೆಂದು ಕೇಳುತ್ತೀರೋ? ನಮ್ಮಲ್ಲಿ ಊರಿಂದ ಊರಿಗೆ ಹೋಗುವ ರಸ್ತೆಗಳು ಕಿತ್ತುಹೋಗಿ ಮೂರು ತಲೆಮಾರಾಯಿತು. ಉಳಿದದ್ದು ರೈಲು ಒಂದೇ. ಅದನ್ನು ನಡೆಸುವವರನ್ನು ನಾವು ಹಳಿಮನೆಯವರು ಅನ್ನುತ್ತೇವೆ. ಅವರದೊಂದು ಲೆಕ್ಕವಿದೆ, ಅದಕ್ಕೆ ಮನೆದರ ಎಂದು ಹೆಸರು. ಒಂದೇ ಮನೆಯಿಂದ ಒಬ್ಬರು ಹೊರಟರೆ ಒಂದು ದರ. ಜೊತೆಗೆ ಎರಡನೆಯವರು ಹತ್ತಿದರೆ ಅವರಿಗೆ ಎರಡರಷ್ಟು. ಮೂರನೆಯವರಿಗೆ ನಾಲ್ಕರಷ್ಟು. ಮನೆಮಂದಿ ಕೂಡಿ ಹೋದರೆ ಗಂಟು ಜಾಸ್ತಿ, ಗದ್ದಲ ಜಾಸ್ತಿ, ಇಳಿಯುವುದು ತಡ ಎಂಬುದು ಅವರ ವಾದ. ಗಂಡ ಹೆಂಡತಿ ಗುರುತಿಲ್ಲದವರ ಹಾಗೆ ಬೇರೆ ಬೇರೆ ಟಿಕೀಟು ತೆಗೆಸಿ ಎದುರುಬದುರು ಕೂತು ಹೋದದ್ದೂ ಉಂಟು. ಹುಲಕೋಟಿ ಕಡೆಯ ಒಂದು ಜೋಡಿ ವಿಜಯಪುರದ ತನಕ ಕಣ್ಣೆತ್ತಿ ಒಬ್ಬರನ್ನೊಬ್ಬರು ನೋಡಲಿಲ್ಲವಂತೆ. ಆಮೇಲೆ ಆಕೆ ಬುತ್ತಿ ಬಿಚ್ಚಿ, ಯಾವ ಯೋಚನೆಯೂ ಇಲ್ಲದೆ, ಮೊದಲ ರೊಟ್ಟಿ ಅವನ ಕೈಗಿಟ್ಟಳು. ಹಳಿಮನೆಯವರು ಹಿಡಿದರು, ಅಲ್ಲಿಗೆ ಪರದೆ ಬಿತ್ತು!

ಆದ್ದರಿಂದ ನಮ್ಮಲ್ಲಿ ಒಂದು ಪದ್ಧತಿ ಬೆಳೆದುಬಂದಿದೆ. ಮನೆಯವರೆಲ್ಲ ಎಂಟೊಂಬತ್ತು ವರ್ಷ ಕೂಡಿಟ್ಟು ಒಂದು ಟಿಕೀಟು ಕೊಳ್ಳುತ್ತೇವೆ. ಮುಂಬೈ ತನಕ ಹೋಗಿ ಸಮುದ್ರ ನೋಡಿ ಬರುವ ಟಿಕೀಟು. ಮನೆಯ ಪರವಾಗಿ ಒಬ್ಬರು ಹೋಗುತ್ತಾರೆ. ಅವರನ್ನು ಕಣ್ಣಾಳು ಅನ್ನುತ್ತೇವೆ. ಬಂದ ಮೇಲಿನ ಅಮಾವಾಸ್ಯೆಗೆ, ಮಗ್ಗಗಳಿಗೆ ರಜೆ ಇರುವ ದಿನ, ಊಟ ಮುಗಿಸಿ ಅಂಗಳದಲ್ಲಿ ಸಭೆ ಸೇರುತ್ತದೆ. ನೆರೆಹೊರೆಯವರು ತಮ್ಮ ತಮ್ಮ ಚಾಪೆ ತರುತ್ತಾರೆ. ಕಣ್ಣಾಳು ಎದ್ದು ನಿಂತು, ಕಂಡದ್ದನ್ನೆಲ್ಲ ಸ್ಟೇಷನ್ನು ಸ್ಟೇಷನ್ನಾಗಿ ಒಪ್ಪಿಸುತ್ತಾನೆ. ಕೇಳಿದವರೆಲ್ಲ ಹೋಗಿ ಬಂದ ಹಾಗೇ ಲೆಕ್ಕ. ಪ್ರತಿ ಓಣಿಗೆ ಒಬ್ಬ ತಕರಾರಿ ಇರುತ್ತಾನೆ. ಅಡ್ಡಪ್ರಶ್ನೆ ಹಾಕಿ, ಕಣ್ಣಾಳು ಸುಳ್ಳು ಸೇರಿಸಿದ್ದರೆ ಹಿಡಿಯುವುದು ಅವನ ಕೆಲಸ. ನಮ್ಮ ಓಣಿಯ ತಕರಾರಿ ಯಾರೆಂದು ಬೇರೆ ಹೇಳಬೇಕೆ? ಈ ಶರಭಣ್ಣನೇ!

ಈಗ ಕಥೆ. ಒಂಬತ್ತು ವರ್ಷದ ಹಿಂದೆ ನಮ್ಮ ಮನೆಯ ಪಾಳಿ ಬಂತು. ಕಣ್ಣಾಳಾಗಿ ಹೋದವನು ಸಂಗನಬಸು, ನನ್ನ ತಂಗಿ ಕಸ್ತೂರಿಯ ಗಂಡ. ನಮ್ಮ ಮನೆಯಲ್ಲೇ ಇರುವ ಅಳಿಯ, ನೇಕಾರ, ದಿನಕ್ಕೆ ಹದಿನೈದು ತಾಸು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಮನುಷ್ಯ. ಮಾತು ಚಂದ. ಹೊರಡುವ ಮುಂದೆ ನನ್ನ ಅವ್ವ ಸಾವಂತ್ರೆವ್ವ ಅವನಿಗೆ ಒಂದೇ ಒಂದು ಕೆಲಸ ಹೇಳಿದಳು. ಭೀಮಾ ನದಿಯ ಸೇತುವೆ ಬಂದಾಗ ಬಲಗಡೆ ನೋಡಬೇಕು. ಅಲ್ಲಿ ಅವಳ ತವರೂರು ಹೊಳೆತೆಗ್ಗಿನಾಳ, ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳು, ನಮ್ಮ ಮಾತಿನಲ್ಲಿ ಪಾವಟಿಗೆಗಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಆ ಸೇತುವೆ ದಾಟಿ ಬಂದವಳು ಮತ್ತೆ ಆ ಕಡೆ ಹೋಗಿಲ್ಲ. "ಪಾವಟಿಗಿ ಅದಾವೋ ಇಲ್ಲೋ ಅಷ್ಟು ನೋಡಿ ಬರ್ರಿ ಅಳಿಯಂದ್ರ. ಸಮುದ್ರದ ಸುದ್ದಿ ಉಳಿದವರಿಗೆ ಹೇಳ್ರಿ, ನನಗ ಅದು ಬ್ಯಾಡ" ಅಂದಳು.

ಸಂಗನಬಸು ಹೋದ, ಬಂದ, ಒಪ್ಪಿಸಿದ. ಅಬ್ಬಬ್ಬಾ, ಏನು ಒಪ್ಪಿಸಿದ! ಕೃಷ್ಣೆಯ ಸೇತುವೆ, ಸೊಲ್ಲಾಪುರದ ಸ್ಟೇಷನ್ನು, ಘಟ್ಟದ ಸುರಂಗ, ಕಡೆಗೆ ಸಮುದ್ರ. ಜನ ಬಾಯಿ ತೆರೆದು ಕೂತಿದ್ದರು. ಪಾವಟಿಗೆಗಳು ಇದ್ದವಂತೆ, ಹೆಂಗಸರು ಬಟ್ಟೆ ಒಗೆಯುತ್ತಿದ್ದರಂತೆ, ಹೋಗುವಾಗಲೂ ಕಂಡನಂತೆ, ಬರುವಾಗಲೂ ಕಂಡನಂತೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಮಾತ್ರ ಗುಮಾನಿ ಹತ್ತಿತು. ನಾನು ರಂಗದ ಮೇಲೆ ಬೆಳೆದವನು, ಬಾಯಿಪಾಠದ ವಾಸನೆ ನನಗೆ ಗೊತ್ತು. ನಿಜವಾಗಿ ಹೋಗಿಬಂದವನು ಮೊದಲು ಬೈಯುತ್ತಾನೆ. ಚಹಾ ನೀರಾಗಿತ್ತು, ಪಕ್ಕದವನು ಕಾಲು ಚಾಚಿದ, ಪಾಯಖಾನೆಯಲ್ಲಿ ನೀರಿರಲಿಲ್ಲ ಎಂದು ಗೊಣಗಿ ಆಮೇಲೆ ಸಮುದ್ರಕ್ಕೆ ಬರುತ್ತಾನೆ. ಇವನ ಮಾತಿನಲ್ಲಿ ಒಂದು ತಕರಾರಿಲ್ಲ! ಮೇಲಾಗಿ ಇನ್ನೊಂದು. ಹೋಗುವಾಗ ಬಲಗಡೆಯ ಕಿಟಕಿ, ಬರುವಾಗಲೂ ಬಲಗಡೆಯದೇ ಸಿಕ್ಕಿತು ಎಂದು ತಾನೇ ಹೇಳಿದ್ದ. ಹೋಗುವಾಗ ಬಲಕ್ಕಿದ್ದ ಊರು ಬರುವಾಗ ಎಡಕ್ಕೆ ಇರಬೇಕಲ್ಲವೇ? ಎಲಾ ಎಲಾ! ಊರೇನು ಇವನಿಗಾಗಿ ಹಳಿ ದಾಟಿ ಈಚೆ ಬಂದು ಕೂತಿತೇ?

ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಎದ್ದೂ ನಿಂತೆ. ಅವ್ವನ ಮುಖ ನೋಡಿದೆ. "ತಕರಾರಿಲ್ಲ" ಅಂದು ಕೂತುಬಿಟ್ಟೆ. ನನ್ನ ಜೀವಮಾನದಲ್ಲಿ ನುಂಗಿದ ಒಂದೇ ಒಂದು ಡೈಲಾಗು ಅದು.

ನುಂಗಿದ್ದು ಅರಗಲಿಲ್ಲ. ಒಂಬತ್ತು ವರ್ಷ ನಾನು ಅವನನ್ನು ನೋಡಿದ ರೀತಿ ದೇವರಿಗೇ ಗೊತ್ತು. ಟಿಕೀಟು ಮಾರಿಕೊಂಡನೇ? ಹುಬ್ಬಳ್ಳಿಯಲ್ಲಿ ಯಾರದಾದರೂ ಮನೆಯಲ್ಲಿ ಆರು ದಿನ ಅಡಗಿ ಕೂತಿದ್ದನೇ? ಅವನು ಹೊಸ ಧೋತರ ಉಟ್ಟರೆ ಅದು ಎಲ್ಲಿಂದ ಬಂತೆಂದು ಲೆಕ್ಕ ಹಾಕಿದೆ. ಅವ್ವ ಬಂದಬಂದವರ ಮುಂದೆ ತವರಿನ ಪಾವಟಿಗೆಯ ಸುದ್ದಿ ಹೇಳುವಾಗ ಅವನು ಮೆಲ್ಲಗೆ ಎದ್ದು ಮಗ್ಗಕ್ಕೆ ಹೋಗುವುದನ್ನು ಗುರುತಿಟ್ಟುಕೊಂಡೆ.

ಈ ವರ್ಷ ಮತ್ತೆ ಪಾಳಿ ಬಂತು. ಅಮಾವಾಸ್ಯೆಯ ದಿನ ಮನೆಯವರೆಲ್ಲ ಕೂತೆವು. ಯಾರು ಕಣ್ಣಾಳು ಎಂದು ಮಾತು ಶುರುವಾಗುವ ಮೊದಲೇ ನಾನು ಎದ್ದು ಎದೆ ತಟ್ಟಿ ಗುಡುಗಿದೆ. ಈ ಸಲ ನಾನೇ ಹೋಗುವವ, ಯಾಕೆಂದರೆ ಈ ಮನೆಯಲ್ಲಿ ಒಬ್ಬ ಹೋಗದೆಯೇ ಹೋಗಿಬಂದಿದ್ದಾನೆ, ಆ ಬಲಗಿಟಕಿಯ ಮಹಾಶಯ ಇಲ್ಲೇ ಕೂತಿದ್ದಾನೆ, ಉತ್ತರ ಕೊಡಲಿ! ಕಸ್ತೂರಿ ಎದ್ದು ನನ್ನ ಮೇಲೇ ಬಂದಳು. "ಅಣ್ಣಾ, ಇದು ಸ್ಟೇಜ್ ಅಲ್ಲ, ಮನಿ. ಕೂಗಬ್ಯಾಡ." ಸಂಗನಬಸು ಮಾತ್ರ ತಲೆ ಎತ್ತಲಿಲ್ಲ. ನೆಲ ನೋಡಿಕೊಂಡೇ ಹೇಳಿದ.

"ಹೋಗಿದ್ದೆ ಅಣ್ಣಾ. ದೇವರಾಣೆ ಹೋಗಿದ್ದೆ. ಆದರ ನಿದ್ದಿ ಹತ್ತಿಬಿಡ್ತು. ಕೈಗೆ ಕೆಲಸ ಇಲ್ಲದಂಗ ನಾ ಹುಟ್ಟಿದಾಗಿಂದ ಎಂದೂ ಕುಂತವನಲ್ಲ. ಕುಂತೆ, ಗಾಳಿ ಬಂತು, ಕಣ್ಣು ಮುಚ್ಚಿದ್ವು. ಮುಂಬೈದಾಗ ಝಾಡೂ ಹೊಡಿಯಾಕಿ ಬಂದು ಎಬ್ಬಿಸಿದ್ಲು. ಬರುವಾಗ ಹಂಗ ಆಗಬಾರದು ಅಂತ ತೊಡಿ ಚಿವುಟಿಕೊಂಡು ಕುಂತೆ. ಸೊಲ್ಲಾಪುರದ ತನಕ ತಡದೆ. ಆಮ್ಯಾಲೆ ಗೊತ್ತಾಗಲಿಲ್ಲ. ಒಬ್ಬಽ ಇದ್ದೆ, ಎಬ್ಬಸವ್ರು ಯಾರೂ ಇರಲಿಲ್ಲ."

ನಾನು ಗದಾಪ್ರಹಾರಕ್ಕೆ ಸಿದ್ಧನಾಗಿ ನಿಂತಿದ್ದೆ. ಕಳ್ಳತನಕ್ಕೆ ಉತ್ತರ ಇಟ್ಟುಕೊಂಡಿದ್ದೆ, ಮೋಸಕ್ಕೆ ಇಟ್ಟುಕೊಂಡಿದ್ದೆ. ನಿದ್ದೆಗೆ ನನ್ನ ಬತ್ತಳಿಕೆಯಲ್ಲಿ ಏನೂ ಇರಲಿಲ್ಲ. ಮನೆಯೆಲ್ಲ ಅವ್ವನ ಕಡೆ ನೋಡಿತು. ಒಂಬತ್ತು ವರ್ಷ ಬಾಯ್ತುಂಬ ಹೇಳಿಕೊಂಡು ತಿರುಗಿದ ಪಾವಟಿಗೆ ಒಂದು ಗಳಿಗೆಯಲ್ಲಿ ಇಲ್ಲವಾಗಿತ್ತು. ಅವ್ವ ಎಲೆಅಡಿಕೆಯ ಚೀಲ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಆಮೇಲೆ ಕೇಳಿದಳು, "ಅಳಿಯಂದ್ರ, ನಿದ್ದಿ ಚಲೋ ಬಂತೇನು?"

"ಹೂಂ ಅತ್ತೀ. ಅಷ್ಟು ಚಲೋ ನಿದ್ದಿ ಎಂದೂ ಬಂದಿಲ್ಲ."

"ನಾನೂ ಮದವಿಯಾಗಿ ಬರುವಾಗ ಸೆರಗು ಮುಖಕ್ಕ ಹಾಕ್ಕೊಂಡು ಅಳಕೋತ ಕುಂತಿದ್ದೆ. ಬ್ರಿಜ್ ಬಂದದ್ದೂ ನೋಡಲಿಲ್ಲ, ಹೋದದ್ದೂ ನೋಡಲಿಲ್ಲ. ಈ ಸಲ ನಾನಽ ಹೋಗ್ತೀನಿ. ನೀವೂ ನಡೀರಿ ನನ್ನ ಕೂಡ."

ಇಬ್ಬರು! ಮನೆದರದ ಲೆಕ್ಕ ಮರೆಯಬೇಡಿ. ಅವ್ವ ಬೆರಳು ಮಡಚಿ ಬಿಡಿಸಿದಳು. ಭೀಮಾ ದಾಟಿದ ಮೇಲಿನ ಮೊದಲ ಸ್ಟೇಷನ್ನು ಮುಂಬೈ ದಾರಿಯ ಮೂರರಲ್ಲಿ ಒಂದು ಪಾಲು. ಒಬ್ಬರು ಸಮುದ್ರಕ್ಕೆ ಹೋಗಿಬರುವ ಟಿಕೀಟಿನಲ್ಲಿ ಇಬ್ಬರು ಅಲ್ಲಿಯವರೆಗೆ ಹೋಗಿ ಬರಬಹುದು, ಸರಿಯಾಗಿ. ಸಮುದ್ರ ಹೋಯಿತು! ಓಣಿಯವರು ಆಡಿಕೊಂಡದ್ದೇ ಆಡಿಕೊಂಡದ್ದು. ಒಂಬತ್ತು ವರ್ಷ ಕೂಡಿಟ್ಟು ಹೊಳಿ ನೋಡಾಕ ಹೊಂಟಾರಂತ ನೋಡ್ರಿ ಅಂದರು. ನನ್ನ ಉರಿ ಅದಲ್ಲ. ಹೆತ್ತ ಮಗ, ಭೀಮಸೇನ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಎಚ್ಚರಿರುವವನು ಮುಂದೆ ನಿಂತಿದ್ದೇನೆ, ಆ ನಿದ್ದೆಬಡುಕನನ್ನು ಕರೆದೊಯ್ಯುವುದೇ? ಕೇಳಿಯೇಬಿಟ್ಟೆ. ಅವ್ವ ನನ್ನ ಮುಖ ನೋಡಿ ಹೇಳಿದಳು, "ಶರಭಾ, ನೀ ಬಂದ್ರ ಕಿಟಕ್ಯಾಗ ನೋಡೂದಿಲ್ಲಪ್ಪಾ. ಅವ್ವ ಖರೇನಽ ನೋಡಿದಳೋ ಇಲ್ಲೋ ಅಂತ ನನ್ನ ಮಾರಿ ನೋಡಕೋತ ಕುಂದರ್ತಿ. ಅವ್ರು ಮಲಗಿದ್ರ ನಾ ಎಬ್ಬಿಸ್ತೀನಿ. ನಿನ್ನ ಮಲಗಿಸವ್ರು ಯಾರು?"

ಅವರು ಹೋದರು. ನಾನು ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಮೂರು ದಿನ ನನಗೆ ಅನ್ನ ಸೇರಲಿಲ್ಲ. ಸೇತುವೆ ಬಂದಾಗ ಅವ್ವನಿಗೂ ಜೊಂಪು ಹತ್ತಿದರೆ? ಪಾವಟಿಗೆ ಇಲ್ಲವೇ ಇಲ್ಲದಿದ್ದರೆ, ನಮಗೆ ಇದೆ ಎಂದು ಹೇಳಿಬಿಟ್ಟರೆ? ಎಪ್ಪತ್ತೊಂದು ವರ್ಷದ ಹೆಂಗಸು, ಮತ್ತೊಂದು ಒಂಬತ್ತು ವರ್ಷ ಕಾಯುವವಳಲ್ಲ.

ಒಪ್ಪಿಸುವ ಸಭೆ ಮೊನ್ನೆ ಅಮಾವಾಸ್ಯೆಗೆ ಆಯಿತು. ನಮ್ಮ ಓಣಿಯಲ್ಲಿ ಇಬ್ಬರು ಎದ್ದು ನಿಂತು ಒಪ್ಪಿಸಿದ್ದು ಇದೇ ಮೊದಲು. ಅವ್ವ ಬಾಯಿ ತೆರೆದದ್ದೇ, "ಚಾ ಅಂತೂ ಬರೇ ನೀರು" ಅಂದಳು. ನನ್ನ ಎದೆ ಅರ್ಧ ಹಗುರಾಯಿತು. ಪಾವಟಿಗೆ ಇವೆಯಂತೆ. ಬಹಳಷ್ಟು ನೀರಲ್ಲಿ ಮುಳುಗಿವೆ, ಮೇಲೆ ಮೂರು ಕಾಣುತ್ತವೆ ಅಂದಳು. ತಟ್ಟನೆ ಸಂಗನಬಸು, "ಮೂರಲ್ಲರೀ ಅತ್ತೀ, ಐದು." "ನಿಮಗೇನು ಗೊತ್ತು? ನಾ ದಬ್ಬಿ ಎಬ್ಬಿಸಿದ ಮ್ಯಾಲೆ ಕಣ್ಣು ಬಿಟ್ರಿ, ಅಷ್ಟೊತ್ತಿಗೆ ಅರ್ಧ ಬ್ರಿಜ್ ದಾಟಿತ್ತು." "ದಾಟಿದ್ರೂ ಐದಽ." "ಏ, ಸುಮ್ಮನಿರ್ರಿ! ನಾ ಆಡಿ ಬೆಳೆದ ಪಾವಟಿಗಿ, ನನಗ ಎಣಿಸಾಕ ಬರೂದಿಲ್ಲೇನು?" ಅಳಿಯನನ್ನು ಅತ್ತೆ ಸಭೆಯಲ್ಲಿ ಗದರಿಸಿದ್ದನ್ನು ನಾನು ಅಂದೇ ನೋಡಿದ್ದು. ಜನ ತಕರಾರಿ ಎಲ್ಲಿ, ತಕರಾರಿ ಎಲ್ಲಿ ಎಂದು ಕೂಗಿದರು. ಎದ್ದು ನಿಂತೆ. ಒಗೆಯುವವರು ಯಾರಾದರೂ ಇದ್ದರೇನವ್ವಾ ಎಂದಷ್ಟೇ ಕೇಳಿದೆ. "ಯಾರೂ ಇದ್ದಿಲ್ಲ. ಒಂದು ನಾಯಿ ಕುಂತಿತ್ತು" ಅಂದಳು. ಸಂಗನಬಸು ಕೂಡ, "ಹೌದು, ನಾಯಿ ಇತ್ತು" ಅಂದ. ನಾನು ಮತ್ತೇನೂ ಕೇಳಲಿಲ್ಲ. ಮೂರೋ ಐದೋ ಇವತ್ತಿಗೂ ತೀರ್ಮಾನವಾಗಿಲ್ಲ. ಇದನ್ನು ಬರೆಯುತ್ತಿರುವಾಗಲೂ ಒಳಗೆ ಅದೇ ನಡೆದಿದೆ.

ಮಹಾಜನರೇ, ನಿಮಗೆ ಈ ಕಾಗದ ಬರೆದದ್ದು ಒಂದು ಎಚ್ಚರಿಕೆ ಕೊಡಲಿಕ್ಕೆ. ನಮ್ಮಲ್ಲಿ ಕಣ್ಣಾಳು ಪದ್ಧತಿ ಒಂದೇ ದಿನ ಹುಟ್ಟಿದ್ದಲ್ಲ. ಈ ಸಲ ಟಿಕೀಟು ತುಟ್ಟಿ, ಅಜ್ಜಿಯ ಮೊಣಕಾಲು ಬೇರೆ ನೋಯುತ್ತದೆ, ಅವಳಿರಲಿ ಅಂದರು. ಮುಂದಿನ ಸಲ ಹುಡುಗರಿಗೆ ಪರೀಕ್ಷೆ, ಅವರಿರಲಿ ಅಂದರು. ಫೋಟೋ ಕಳಿಸುತ್ತೇವೆ, ನೋಡಿದ ಹಾಗೇ ಆಯಿತಲ್ಲ ಅಂದರು. ಒಬ್ಬೊಬ್ಬರನ್ನೇ ಇಳಿಸುತ್ತ ಬಂದು ಕಡೆಗೆ ಡಬ್ಬಿಯಲ್ಲಿ ಒಬ್ಬನೇ ಉಳಿದ. ನೀವು ಈಗಾಗಲೇ ಯಾರನ್ನಾದರೂ ಇರಲಿ ಅಂದಿದ್ದೀರಾ? ಅಂದಿದ್ದೀರಿ ಎಂದು ನನಗೆ ಬಲವಾದ ಗುಮಾನಿ. ಸಮುದ್ರದ ತನಕ ದುಡ್ಡು ಸಾಲದಿದ್ದರೆ ಹತ್ತಿರದ ಹೊಳೆಯ ತನಕ ಹೋಗಿ, ಅದೂ ಆಗದಿದ್ದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬುತ್ತಿ ತಿಂದು ವಾಪಸು ಬನ್ನಿ. ಆದರೆ ಹತ್ತುವಾಗ ಎಲ್ಲರೂ ಹತ್ತಿ.

ಬಂದ ಮೇಲೆ ಎಲ್ಲಾದರೂ ಒಂದು ಕಡೆ ಬರೆದಿಡಿ, ನಮ್ಮ ಕೈಗೆ ಸಿಕ್ಕೀತು. ಎಲ್ಲ ಚಂದವಿತ್ತು ಎಂದು ಬರೆದಿರೋ, ಈ ಶರಭಣ್ಣ ನಂಬುವುದಿಲ್ಲ. ಯಾರು ಯಾರೊಡನೆ ಯಾಕೆ ಜಗಳಾಡಿದಿರಿ, ಅದನ್ನು ಬರೆಯಿರಿ. ಆಗ ನೀವು ಹೋಗಿದ್ದಿರಿ ಎಂದು ತಕರಾರಿಲ್ಲದೆ ಒಪ್ಪುತ್ತೇನೆ.

ನಿಮ್ಮವನೇ,
ಶರಭಣ್ಣ, ನೇಕಾರ ಓಣಿಯ ತಕರಾರಿ