ಲಾಂಡ್ರಿ ಬೋರ್ಡಿಗೆ ಹಚ್ಚಿದ ನೋಟಿಸ್

ಮೆಲ್ಬರ್ನ್
೧೪ ಆಗಸ್ಟ್ ೨೦೨೫

ಅಮ್ಮಾ,

ಇದನ್ನು ಓದಿ ಮುಗಿಸುವವರೆಗೆ ಫೋನ್ ಮಾಡಬೇಡ, ಪ್ಲೀಸ್. ನಿನ್ನ ದನಿ ಕೇಳಿದರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ.

ರುದ್ರಾಣಿ ಆಂಟಿಗೆ ನೋಟಿಸನ್ನು ಕೈಗೇ ಕೊಟ್ಟೆ ಅಂತ ಭಾನುವಾರ ಹೇಳಿದೆನಲ್ಲ, ಕೊಟ್ಟಿರಲಿಲ್ಲ. ಆ ಪುಟ್ಟ ಮನೆಗಳ ಕ್ಯಾರವಾನ್ ಪಾರ್ಕಿಗೆ ಹೋಗಿದ್ದು ನಿಜ. ಬ್ಯಾಂಕ್ ಸಾಲ ಸಿಗದ ಅವರಿಗೆ, ನೀವು ಸಿಡ್ನಿಗೆ ಹೋಗುವಾಗ ಕಂತಿನ ಮೇಲೆ ಮಾರಿದ ಕ್ಯಾಬಿನ್ ಮನೆಯ ಬಾಗಿಲು ತಟ್ಟಿದ್ದೂ ನಿಜ. ಒಳಗೆ ಮಿಕ್ಸಿ ಸದ್ದಿತ್ತು, ತಟ್ಟಿದ ಕೂಡಲೇ ನಿಂತಿತು. ಬಾಗಿಲು ತೆರೆಯಲಿಲ್ಲ. ನನಗೆ ಸಮಾಧಾನವೇ ಆಯಿತು. ಮೂರು ಕಂತು ಬಾಕಿ, ಹದಿನಾಲ್ಕು ದಿನದಲ್ಲಿ ಕಟ್ಟದಿದ್ದರೆ ಮನೆ ವಾಪಸ್ ಅಂತ ನೀನು ಬರೆದಿದ್ದನ್ನು ಅವರ ಮುಖ ನೋಡಿ ಹೇಳುವುದು ತಪ್ಪಿತಲ್ಲ.

ನಾನು ಓದಿದ ಹಾಸ್ಟೆಲಿನಲ್ಲಿ ಮೆಸ್ ಫೀ ಕಟ್ಟದವರ ಹೆಸರನ್ನು ವಾರ್ಡನ್ ಊಟದ ಹಾಲಿನ ಬೋರ್ಡಿಗೆ ಹಚ್ಚುತ್ತಿದ್ದರು. ಏಳು ವರ್ಷ ನೋಡಿದ್ದೇನೆ. ಬಾಕಿ ಅಂದರೆ ಬೋರ್ಡು ಅಂತಲೇ ನನ್ನ ತಲೆಯಲ್ಲಿ. ಪಾರ್ಕಿನವರೆಲ್ಲ ಬಟ್ಟೆ ಒಗೆಯುವ ಲಾಂಡ್ರಿ ರೂಮಿನ ಬೋರ್ಡಿಗೆ ನೋಟಿಸ್ ಪಿನ್ ಮಾಡಿ ಬಸ್ ಹತ್ತಿದೆ.

ನಿನ್ನೆ ಆಂಟಿಯೇ ಕರೆಸಿದರು. ಪಕ್ಕದ ಕ್ಯಾಬಿನ್ನಿನ ಈರಯ್ಯ ಅಂಕಲ್ ಕೂಡ ಇದ್ದರು. ನೋಟಿಸ್ ಕಿತ್ತು ತಂದುಕೊಟ್ಟವರು ಅವರೇ. ಆಂಟಿ ಟೀ ಕೊಟ್ಟು, "ನೀ ಬಾಗ್ಲಾ ಬಡದಿದ್ದು ಕೇಳಿಸ್ತವ್ವಾ. ಅಂಜಿ ಮಿಕ್ಸಿ ಆರಿಸಿ ಕುಂತೆ. ಇಬ್ರೂ ಪುಕ್ಕಲರ ನಾವು. ಆದ್ರ ನನ್ನ ಅಂಜಿಕಿ ಮನಿಯೊಳಗ ಇತ್ತು, ನಿಂದು ಗ್ವಾಡಿ ಮ್ಯಾಲ ಹತ್ತಿತು" ಅಂದರು. ನಕ್ಕರು ಕೂಡ. ಬೈದಿದ್ದರೆ ಚೆನ್ನಾಗಿತ್ತು.

ಮೊಣಕಾಲಿನ ಆಪರೇಷನ್ ಆದಮೇಲೆ ಏಜ್ಡ್ ಕೇರ್‌ನಲ್ಲಿ ಅವರಿಗೆ ವೃದ್ಧರ ಆರೈಕೆಯ ಶಿಫ್ಟ್ ಸಿಗುತ್ತಿಲ್ಲ. ಈಗ ಲಾಂಡ್ರಿಗೆ ಹೋಗಲು ಮುಖವಿಲ್ಲದೆ ಅಡುಗೆಮನೆ ಸಿಂಕಿನಲ್ಲೇ ಬಟ್ಟೆ ಒಗೆಯುತ್ತಿದ್ದಾರೆ. ಮನೆ ಬಿಟ್ಟುಕೊಟ್ಟು ಹೋಗುತ್ತಾರಂತೆ.

ಹೋಗಲು ಬಿಡಬೇಡ ಅಮ್ಮಾ. ಡಿಸೆಂಬರ್‌ವರೆಗೆ ಅರ್ಧ ಕಂತು ಕಟ್ಟಲಿ. ಅದನ್ನು ನೀನೇ ಅವರಿಗೆ ಫೋನ್ ಮಾಡಿ ಹೇಳು. ನನ್ನ ಕೈಲಿ ಇನ್ನೊಂದು ಕಾಗದ ಕಳಿಸಬೇಡ.

ಮುಖ ತಗ್ಗಿಸಿಕೊಂಡಿರುವ ನಿನ್ನ ಮಗಳು,
ಮಧುರಾ

ತಾ.ಕ.: ಬಾಕಿ ಮೂರು ಕಂತಲ್ಲ, ಎರಡೇ. ಜೂನ್ ತಿಂಗಳದ್ದನ್ನು ನಿನಗೆ ಕಳಿಸು ಅಂತ ಆಂಟಿ ನನ್ನ ಕೈಗೆ ನಗದು ಕೊಟ್ಟಿದ್ದರು. ನಾನು ಅದನ್ನು ನನ್ನ ರೂಮಿನ ಬಾಂಡ್ ಅಡ್ವಾನ್ಸಿಗೆ ಕಟ್ಟಿಬಿಟ್ಟೆ. ನಿನ್ನೆ ಈರಯ್ಯ ಅಂಕಲ್ "ಮೂರು ತಿಂಗಳದ್ದು ಹೆಂಗ ನಿಂತಿತ್ರೀ?" ಅಂತ ಕೇಳಿದಾಗ ಆಂಟಿ ನನ್ನ ಕಡೆ ನೋಡದೆ, "ನಿಂತೈತಿ ಬಿಡ್ರಿ" ಅಂದರು.